ಸೋದರಮಾವನ ಸೀರೆ

ಬೈಲಹೊಂಗಲ
ತಾ. ೨೧-೧೧-೧೯೫೫

ಚಿರಂಜೀವಿ ನೀಲೂ,

ನೂರು ಕಾಲ ಸುಖವಾಗಿರು. ಈ ಪತ್ರ ರಾಮದುರ್ಗದ್ದಲ್ಲ. ನಾದಿನಿ ಕಮಲಾಬಾಯಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬೈಲಹೊಂಗಲಕ್ಕೆ ಬಂದಿದ್ದೇನೆ. ಹೋಳಿಗೆಯ ಕಣಕ ನಾದಿಟ್ಟು, ಕೈ ತೊಳೆದುಕೊಂಡು, ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಬರೆಯುತ್ತಿದ್ದೇನೆ. ರಾಮದುರ್ಗದಲ್ಲಿ ನಮ್ಮ ಮಾವನವರ ಪದ್ಧತಿ ನಿನಗೆ ಗೊತ್ತಿಲ್ಲ. ಮನೆಗೆ ಬಂದ ಪತ್ರವನ್ನೂ ಮನೆಯಿಂದ ಹೋಗುವ ಪತ್ರವನ್ನೂ ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾರೆ. "ಮನ್ಯಾಗ ಮುಚ್ಚಿಡೋ ಮಾತರೆ ಏನದ?" ಅನ್ನುತ್ತಾರೆ. ಇಪ್ಪತ್ತು ವರ್ಷ ನಾನು ನಿನಗೆ ಬರೆದದ್ದೆಲ್ಲ ಹಾಗೇ ಹೋದದ್ದು. ನನ್ನ ಪತ್ರಗಳಲ್ಲಿ ಬರೀ ನಾವು ಬೆಳೆದ ಮುಂಬಯಿಯ ಗಿರಗಾಂವದ ಚಾಳು, ನಳ, ಟ್ರಾಮು ಇರುತ್ತವೆ ಎಂದು ನೀನು ನಗುತ್ತೀ. ಅವು ಯಾರು ಓದಿದರೂ ನಡೆಯುವ ಮಾತು, ಅದಕ್ಕೇ ಬರೆಯುತ್ತೇನೆ.

ಇವತ್ತಿನ ಮಾತು ಬೇರೆ. ರಾಧಾಗೆ ಸವದತ್ತಿಯಿಂದ ಸಂಬಂಧ ಬಂದಿದೆ. ಹುಡುಗ ಅನ್ನಬೇಕಂತೆ, ಮೂವತ್ತಾರು ನಡೆದಿದೆ. ಕಾರಕೂನ. ಮೊದಲ ಹೆಂಡತಿ ತೀರಿ ಇನ್ನೂ ವರ್ಷವಾಗಿಲ್ಲ, ಎರಡು ಮಕ್ಕಳು. ನನ್ನ ಮಗಳಿಗೆ ಹದಿನೇಳು, ಮಾರ್ಚಿನಲ್ಲಿ ಮ್ಯಾಟ್ರಿಕ್ ಪರೀಕ್ಷೆ. ಇಡೀ ಇಯತ್ತೆಯಲ್ಲಿ ಅವಳದೇ ಮೊದಲ ನಂಬರು. ನಾನು ಬಾಯಿ ತೆಗೆದರೆ ಮಾವನವರು, "ಮ್ಯಾಟ್ರಿಕ್ ಆಗಿ ಕಲೆಕ್ಟರ್ ಆಗಬೇಕಾಗೇದೇನು ಆಕಿ?" ಅನ್ನುತ್ತಾರೆ. ನಿನ್ನ ಭಾವನವರು ಅಪ್ಪನೆದುರು 'ಹೂಂ' ಬಿಟ್ಟು ಇನ್ನೊಂದು ಅಕ್ಷರ ಕಲಿತಿಲ್ಲ.

ಈಗ ಈ ಮದುವೆಗೆ ಒಂದೇ ಅಡ್ಡಿ, ಅದು ನೀನು. ಇವರ ಮನೆತನದಲ್ಲಿ ಹುಡುಗಿಯ ಮೇಲೆ ಮೊದಲ ಹಕ್ಕು ಸೋದರಮಾವನದು. ಅವನಿಗೆ ಬೇಡವಾದರೆ ಹುಡುಗಿಗೆ ಒಂದು ಸೀರೆ ಕಳಿಸುತ್ತಾನೆ. ಸೀರೆ ಬಂತೆಂದರೆ 'ನಾನು ಬಿಟ್ಟೆ, ಬೇರೆ ಕಡೆ ಕೊಡಿರಿ' ಎಂದು ಅರ್ಥ. ಅದು ಬರುವವರೆಗೆ ಯಾರೂ ತಾಂಬೂಲ ಇಡುವಂತಿಲ್ಲ. ಮುಂಬಯಿಯಲ್ಲಿ ಬೆಳೆದ ನಿನಗೆ ಇದು ತಿಳಿಯದು. ನನಗೂ ತಿಳಿದಿರಲಿಲ್ಲ. ನನ್ನ ಲಗ್ನದ ಮೊದಲು ನಮ್ಮ ಸೋದರಮಾವ ಕಳಿಸಿದ ಹಸಿರು ಸೀರೆಯನ್ನು ಎದೆಗವಚಿಕೊಂಡು, ಮಾಮಾಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಇಡೀ ಚಾಳಿಗೆ ತೋರಿಸಿ ಬಂದಿದ್ದೆ!

ನೀನು ರಾಧಾಳನ್ನು ಮದುವೆಯಾಗು ಅನ್ನುತ್ತಿಲ್ಲ. ದೇವರಾಣೆ, ಅದಲ್ಲ. ಮಾವನವರಿಗೆ ಒಂದು ಕಾರ್ಡು ಬರಿ: 'ರಾಧಾಳ ವಿಷಯ ವಿಚಾರ ಮಾಡುತ್ತಿದ್ದೇನೆ, ಮಾರ್ಚ್ ಮುಗಿಯಲಿ.' ಅಷ್ಟೇ ಸಾಕು. ಪರೀಕ್ಷೆ ಆಗಲಿ, ಆಮೇಲೆ ನಾನು ನೋಡಿಕೊಳ್ಳುತ್ತೇನೆ. ನನ್ನ ಶಾಲೆ ಐದನೆಯದಕ್ಕೆ ನಿಂತದ್ದು ಯಾಕೆ ಎಂದು ನಿನಗೆ ಗೊತ್ತು. ಅವ್ವ ಹೋದಾಗ ನೀನು ಮೂರು ವರ್ಷದವನು, ನಿನ್ನನ್ನು ಎತ್ತಿಕೊಳ್ಳುವವರು ಬೇಕಿತ್ತು. ಆ ಋಣ ಈವರೆಗೆ ಎತ್ತಿ ಆಡಿಲ್ಲ. ಈಗ ಆಡುತ್ತಿದ್ದೇನೆ, ಕ್ಷಮಿಸು.

ನೀನು ಆಫೀಸಿನ ವಿಳಾಸಕ್ಕೆ ಬರಿ ಅನ್ನುತ್ತೀ. ಅಲ್ಲಿ ನಾಲ್ಕು ಜನರ ಕೈ ದಾಟಬೇಕು. ಅದಕ್ಕೇ ನಮ್ಮ ಚಾಳಿನ ಮೂರನೆಯ ಮಾಳಿಗೆಯ ಹದಿನಾಲ್ಕನೆಯ ಖೋಲಿಗೆ ಹಾಕುತ್ತಿದ್ದೇನೆ.

ನಿನ್ನ ಅಕ್ಕ,
ಸುಂದರಾ

ಮುಂಬಯಿ
ತಾ. ೪-೧೨-೧೯೫೫

ಪೂಜ್ಯ ಅಕ್ಕನಿಗೆ ನೀಲಕಂಠನ ನಮಸ್ಕಾರಗಳು.

ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಕಿವಿ ಹಿಂಡು. ವಿಮಾ ಕಂಪನಿಯಲ್ಲಿ ಕೆಲಸ ಬಹಳ.

ನೀನು ಕೇಳಿದ್ದಕ್ಕೆಲ್ಲ ಹೇಳುತ್ತೇನೆ. ನಳ ಇನ್ನೂ ಬೆಳಗ್ಗೆ ಐದಕ್ಕೇ ಬರುತ್ತದೆ, ಬರುವ ಮೊದಲು ಹಳೆಯ ಹಾಗೆಯೇ ಕೆಮ್ಮುತ್ತದೆ. ಹೆಂಗಸರು ಕೊಡಗಳನ್ನು ಸಾಲಿಗಿಟ್ಟು ಜಡೆ ಹಾಕಿಕೊಳ್ಳುತ್ತ ಜಗಳಾಡುತ್ತಾರೆ. ಗ್ಯಾಲರಿಯ ಕಟಕಟೆಯ ಮೇಲೆ ನೀನು ಇದ್ದಿಲಿನಿಂದ ನನಗೆ ಅಆಇಈ ತಿದ್ದಿಸುತ್ತಿದ್ದೆಯಲ್ಲ, ಆ ಕಟ್ಟಿಗೆ ಇನ್ನೂ ಕರ್ರಗೇ ಇದೆ. ಕೆಳಗೆ ಇರಾಣಿಯ ಚಹಾದ ಅಂಗಡಿಯಲ್ಲಿ ಅದೇ ಗಡಿಯಾರ, ಹತ್ತು ನಿಮಿಷ ಹಿಂದೆ. ಜಿನೆಯ ಮೆಟ್ಟಿಲುಗಳ ಕೆಳಗೆ ನೇಸರಗಿಯ ಲಾಲಸಾಬ ದರ್ಜಿ ಹೊಲಿಗೆ ಯಂತ್ರ ತುಳಿಯುತ್ತ, "ಅಕ್ಕಾವ್ರು ಹ್ಯಾಂಗಿದ್ದಾರ್ರಿ?" ಎಂದು ನೀನು ನಿನ್ನೆ ಮೊನ್ನೆ ಹೋದವಳೇನೋ ಅನ್ನುವಂತೆ ಕೇಳುತ್ತಾನೆ.

ಶಹರ ಬದಲಾಗುತ್ತಿದೆ ಅನ್ನುತ್ತಾರೆ. ಅಲ್ಲಲ್ಲಿ ಹಳೆಯದನ್ನು ಕೆಡವಿ ಐದಾರು ಮಾಳಿಗೆ ಏರಿಸುತ್ತಿದ್ದಾರೆ. ಟ್ರಾಮನ್ನೇ ತೆಗೆಯುತ್ತಾರೆಂಬ ಮಾತೂ ಇದೆ. ನಮ್ಮ ಓಣಿಗೆ ಇನ್ನೂ ಆ ಗಾಳಿ ಬಂದಿಲ್ಲ, ನೀನು ನಿಶ್ಚಿಂತೆಯಿಂದಿರು.

ಪತ್ರ ಆಫೀಸಿನ ವಿಳಾಸಕ್ಕೇ ಬರಿ. ಚಾಳಿನ ಟಪಾಲನ್ನು ನೆಚ್ಚುವಂತಿಲ್ಲ. ರಾಧಾಳ ಅಭ್ಯಾಸ ಹೇಗೆ ನಡೆದಿದೆ?

ನಿನ್ನ,
ನೀಲೂ

ರಾಮದುರ್ಗ
ತಾ. ೧೪-೧೨-೧೯೫೫

ಚಿ. ನೀಲಕಂಠನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮಾವನವರು ಎಲ್ಲರಿಗೂ ಓದಿ ಹೇಳಿದರು. ಇರಾಣಿಯ ಗಡಿಯಾರ ಬಂದಾಗ ಅವರೂ ನಕ್ಕರು.

ನವೆಂಬರದಲ್ಲಿ ನಾನು ಕಮಲಾಬಾಯಿಯ ಮನೆಗೆ ಬೈಲಹೊಂಗಲಕ್ಕೆ ಹೋಗಿ ಬಂದೆ. ಅಲ್ಲಿಂದ ಬಂದ ಮೇಲೆ ನಿನ್ನ ಪತ್ರದ ದಾರಿ ದಿನಾ ಕಾದೆ. ಬಂದದ್ದನ್ನು ಎರಡು ಸಲ ಓದಿಸಿ ಕೇಳಿದೆ. ನೀನು ಎಲ್ಲ ಬರೆದಿದ್ದೀ, ಆದರೂ ಏನೋ ಬರೆಯುವುದು ಉಳಿದಿದೆ ಅನ್ನಿಸಿತು. ನಿನಗೆ ಹಾಗೆ ಅನ್ನಿಸುವುದಿಲ್ಲವೇ?

ನಳದ ಮಾತೆತ್ತಿದೆಯಲ್ಲ, ನನಗೊಂದು ದಿನ ನೆನಪಾಯಿತು. ನಿನಗೆ ಏಳು ವರ್ಷ. ಕೊಡ ಕಾಯಲು ನಿನ್ನನ್ನು ನಿಲ್ಲಿಸಿ ನಾನು ಒಲೆಗೆ ಇದ್ದಿಲು ತರಲು ಹೋಗಿದ್ದೆ. ಯಾರೋ ಹೆಂಗಸು 'ಸ್ವಲ್ಪ ಸರಿಸು ರಾಜಾ' ಎಂದದ್ದಕ್ಕೆ ನೀನು ಮರ್ಯಾದೆಯಿಂದ ಕೊಡವನ್ನೇ ಎತ್ತಿ ಬದಿಗಿಟ್ಟೆ. ಅವತ್ತು ನಮಗೆ ನೀರು ಸಿಗಲಿಲ್ಲ. ಕೊಡ ಸಾಲಿನಲ್ಲಿದ್ದರೆ ಸಾಕು, ಖಾಲಿ ಇದ್ದರೂ ಪಾಳಿ ನಮ್ಮದೇ ಇರುತ್ತದೆ, ತೆಗೆಯಬಾರದು ಎಂದು ನಿನಗೆ ಹೊಡೆದು ಕಲಿಸಿದೆ. ಅದನ್ನು ನೀನು ಮರೆತಿಲ್ಲ ತಾನೇ? ಈಗಲೂ ಮರೆಯಬೇಡ, ನೀಲೂ.

ರಾಧಾ ಬೆಳಗ್ಗೆ ನಾಲ್ಕಕ್ಕೇ ಎದ್ದು ಓದುತ್ತಾಳೆ. ಮಾಮಾ ಏನು ಬರೆದಿದ್ದಾನೆ ಎಂದು ಕೇಳುತ್ತಿರುತ್ತಾಳೆ.

ಸುಂದರಾ

ಮಾವ ರಘೋತ್ತಮಾಚಾರ್ಯರ ಅಡಿಬರಹ: ಚಿ. ನೀಲಕಂಠನಿಗೆ ಆಶೀರ್ವಾದ. ಚಿ. ಸೌ. ಕಾಂಕ್ಷಿಣಿ ರಾಧಾ ಲಗ್ನಕ್ಕೆ ಬಂದಿದ್ದಾಳೆ. ಸೋದರಮಾವ ಮಾಡತಕ್ಕದ್ದನ್ನು ಬೇಗನೆ ಮಾಡಿ ಮುಗಿಸಿದರೆ ಎಲ್ಲರಿಗೂ ಅನುಕೂಲ.

ಮುಂಬಯಿ
ತಾ. ೨೪-೧೨-೧೯೫೫

ಅಕ್ಕ,

ಮಾವನವರ ಅಡಿಬರಹ ಓದಿ ನಾಚಿಕೆಯಿಂದ ಮುದ್ದೆಯಾದೆ. ಹದಿನೇಳು ವರ್ಷದ ಸೋದರಸೊಸೆಗೆ ಈ ಮಾಮಾ ಇಂದಿನವರೆಗೆ ಒಂದು ರಿಬ್ಬನ್ ಕೂಡ ಕೊಟ್ಟಿಲ್ಲ. ಹಿರಿಯರು ಬಾಯಿಬಿಟ್ಟು ನೆನಪಿಸುವವರೆಗೆ ತಂದೆನಲ್ಲ! ನೀನು 'ಏನೋ ಬರೆಯುವುದು ಉಳಿದಿದೆ' ಎಂದದ್ದೂ ಇದೇ ಎಂದು ಈಗ ತಿಳಿಯಿತು. ನೀನು ಯಾವಾಗಲೂ ಹೀಗೆಯೇ, ಬಾಯಿಬಿಟ್ಟು ಕೇಳಿದವಳಲ್ಲ.

ಇವತ್ತೇ ಭುಲೇಶ್ವರಕ್ಕೆ ಹೋಗಿ ರಾಧಾಗೆ ಒಂದು ಸೀರೆ ಕೊಂಡೆ. ಅಂಜೂರದ ಬಣ್ಣ, ಸಣ್ಣ ಜರಿ ಅಂಚು. ಪಾರ್ಸೆಲ್ ಈ ಪತ್ರದ ಸಂಗಡವೇ ಹೊರಟಿದೆ. ಅವಳಿಗೆ ಒಪ್ಪುತ್ತದೆಯೇ ಬರಿ.

ನೀಲೂ

ರಾಮದುರ್ಗ
ತಾ. ೫-೧-೧೯೫೬

ಶ್ರೀ ನೀಲಕಂಠರಾಯರಿಗೆ,

ನೀವು ಕಳಿಸಿದ ಸೀರೆ ಮುಟ್ಟಿತು. ಸೀರೆ ನೇಯುವ ಊರಿಗೆ ಸೀರೆ ಕಳಿಸಿದಿರಿ. ಬಣ್ಣ ಚೆನ್ನಾಗಿದೆ ಎಂದು ಎಲ್ಲರೂ ಅಂದರು.

ಪಾರ್ಸೆಲ್ ಒಡೆದ ಗಳಿಗೆಯಲ್ಲೇ ಮಾವನವರು ಅದನ್ನು ದೇವರ ಮುಂದಿಟ್ಟರು. "ಸೋದರಮಾವ ಬಿಟ್ಟುಕೊಟ್ಟಾ. ಇನ್ನ ಯಾರದೂ ಅಡ್ಡಿ ಇಲ್ಲ" ಅಂದರು. ಅಂದೇ ಸವದತ್ತಿಗೆ ಪತ್ರ ಹೋಯಿತು. ಫೆಬ್ರವರಿ ಇಪ್ಪತ್ತೆರಡಕ್ಕೆ ಲಗ್ನ ಗಟ್ಟಿಯಾಗಿದೆ.

ರಾಧಾ ಓದುವುದನ್ನು ಬಿಟ್ಟಿದ್ದಾಳೆ. ಪುಸ್ತಕಗಳನ್ನು ತಾನೇ ಕಟ್ಟಿ ಅಟ್ಟಕ್ಕೆ ಹಾಕಿದಳು, ಯಾರೂ ಹೇಳಿರಲಿಲ್ಲ.

ನನ್ನಿಂದ ಏನಾದರೂ ತಪ್ಪಾಗಿದ್ದರೆ ನೇರವಾಗಿ ಬೈದು ಬರೆಯಬಹುದಾಗಿತ್ತು. ನೀವು ಬಹಳ ಮರ್ಯಾದಸ್ಥರು.

ಸುಂದರಾಬಾಯಿ

ಮುಂಬಯಿ
ತಾ. ೩೦-೧-೧೯೫೬

ಅಕ್ಕ,

ಈ ಪತ್ರವನ್ನು ಮಾವನವರೂ ಓದುತ್ತಾರೆ, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮಾವನವರೇ, ದಯವಿಟ್ಟು ಕೊನೆಯವರೆಗೂ ಓದಿರಿ.

ನೀನು ನನ್ನನ್ನು 'ನೀವು' ಎಂದು ಬರೆದ ಪತ್ರ ಹನ್ನೆರಡನೆಯ ತಾರೀಖಿಗೆ ಬಂತು. ಬಿಟ್ಟುಕೊಟ್ಟ ಅಂದರೇನು, ಲಗ್ನ ಯಾರ ಸಂಗಡ, ನಾನೇನು ಮಾಡಿದೆ, ಒಂದೂ ತಿಳಿಯಲಿಲ್ಲ. ಮರುದಿನವೇ ಕೇಳಿ ಬರೆದೆ, ಉತ್ತರ ಬರಲಿಲ್ಲ. ಅಷ್ಟರಲ್ಲಿ ಇಲ್ಲಿ ಮುಂಬಯಿ ಯಾವ ರಾಜ್ಯಕ್ಕೆ ಎಂಬ ಗಲಾಟೆ ಮತ್ತೆ ಎದ್ದಿತು. ಕರ್ಫ್ಯೂ ಹಾಕಿದರು, ಎಂಟು ದಿನ ಟಪಾಲಿಲ್ಲ, ಟ್ರಾಮಿಲ್ಲ.

ಮೊನ್ನೆ ಶನಿವಾರ ಲಾಲಸಾಬ ನನ್ನ ಆಫೀಸು ಹುಡುಕಿಕೊಂಡು ಬಂದ. ಕೈಯಲ್ಲಿ ನಿನ್ನ ಪತ್ರ, ನವೆಂಬರ ಇಪ್ಪತ್ತೊಂದರದು, ಮೇಲೆ ಬೈಲಹೊಂಗಲ ಟಪಾಲಿನ ಶಿಕ್ಕೆ. ಅವನು ಮಗಳ ಲಗ್ನಕ್ಕೆಂದು ದೀಪಾವಳಿ ಮುಗಿಸಿ ನೇಸರಗಿಗೆ ಹೋದವನು, ನವೆಂಬರದ ಗಲಾಟೆಯ ಸುದ್ದಿ ಕೇಳಿ ಅಲ್ಲೇ ಉಳಿದಿದ್ದ. ಟಪಾಲಿನವನು ಪತ್ರವನ್ನು ಅವನ ಮುಚ್ಚಿದ ಅಂಗಡಿಯ ಕದದ ಕೆಳಗೆ ತೂರಿಸಿ ಹೋಗಿದ್ದಾನೆ. ಎರಡು ತಿಂಗಳು ಅಲ್ಲೇ ಬಿದ್ದಿತ್ತು. ಅದನ್ನು ಕೈಗಿಡುತ್ತ ಅವನು, "ಅಕ್ಕಾವ್ರ ಅಕ್ಷರ ಅದರಿ, ಗುರ್ತ ಹಿಡದೆ" ಅಂದ.

ನಮ್ಮ ಪತ್ರ ಅವನ ಅಂಗಡಿಗೆ ಯಾಕೆ ಹೋಯಿತು ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಚಾಳು ಇಲ್ಲ, ಅಕ್ಕ. ಐವತ್ನಾಲ್ಕರ ಮೇ ತಿಂಗಳಲ್ಲೇ ಕೆಡವಿದರು. ಈಗ ಅಲ್ಲಿ ಐದು ಮಾಳಿಗೆ ನಿಂತಿದೆ, ಮನೆಮನೆಗೂ ನಳ ಇದೆ. ನಾನು ಮಾಹೀಮಿನಲ್ಲಿ ಇಬ್ಬರ ಸಂಗಡ ಒಂದು ಕೋಣೆಯಲ್ಲಿದ್ದೇನೆ. ಲಾಲಸಾಬ ರಸ್ತೆಯ ಆಚೆ ಒಂದು ಸಣ್ಣ ಅಂಗಡಿ ಹಿಡಿದಿದ್ದಾನೆ, ಚಾಳಿನವರ ಹೆಸರಿನ ಪತ್ರ ಬಂದರೆ ಅಲ್ಲಿ ಹಾಕುತ್ತಾರೆ.

ಹೇಳಬೇಕೆಂದು ಎಷ್ಟು ಸಲ ಕುಳಿತೆನೋ. ಪ್ರತಿ ಪತ್ರದಲ್ಲೂ ನೀನು ಗ್ಯಾಲರಿ ಹೇಗಿದೆ, ಜಿನೆ ಹೇಗಿದೆ ಎಂದು ಕೇಳುತ್ತಿದ್ದೆ. ಒಮ್ಮೆ ಇದೆ ಎಂದು ಬರೆದೆ, ಆಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬರೆಯುತ್ತ ಬರೆಯುತ್ತ ನನಗೂ ರುಚಿ ಹತ್ತಿತು. ಭಾನುವಾರ ಕುಳಿತು ನಿನಗೆ ಬರೆಯುವಾಗ ನಳ ಕೆಮ್ಮುವುದು ನನಗೇ ಕೇಳಿಸುತ್ತಿತ್ತು. ನಿನ್ನನ್ನು ನೋಯಿಸಬಾರದೆಂದು ಹೇಳಿದ ಸುಳ್ಳು ನಿನ್ನ ಮಗಳ ಕುತ್ತಿಗೆಗೆ ಬಂತು. ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿಲ್ಲ.

ಮಾವನವರೇ, ಅಕ್ಕ ನಿಮಗೆ ತೋರಿಸದೆ ಪತ್ರ ಬರೆದಳೆಂದು ಈಗ ನಿಮಗೆ ತಿಳಿಯಿತು. ಅವಳ ಗುಟ್ಟು ಒಡೆಯದೆ ನನಗೆ ಬೇರೆ ದಾರಿ ಇರಲಿಲ್ಲ. ನಿಮ್ಮ ಪದ್ಧತಿ ನನಗೆ ಗೊತ್ತಿರಲಿಲ್ಲ. ಆ ಸೀರೆಯನ್ನು ಪ್ರೀತಿಗೆ ಕಳಿಸಿದ್ದು, ಬಿಡಲಿಕ್ಕಲ್ಲ. ನಾನು ರಾಧಾಳನ್ನು ಬಿಟ್ಟಿಲ್ಲ. ಮದುವೆಯಾಗುತ್ತೇನೆಯೋ ಇಲ್ಲವೋ ಎಂದು ಮಾರ್ಚ್ ಮುಗಿಯುವವರೆಗೆ ನನ್ನನ್ನು ಕೇಳಬೇಡಿರಿ. ರಜೆ ಸಿಕ್ಕ ದಿನವೇ ಹೊರಟು ಬರುತ್ತೇನೆ.

ನೀಲಕಂಠ

ರಾಮದುರ್ಗ
ತಾ. ೭-೨-೧೯೫೬

ನೀಲೂ,

ಬರಬೇಡ. ಬಂದರೆ ನಿನ್ನನ್ನು ಮಣೆಯ ಮೇಲೆ ಕೂಡ್ರಿಸಿ 'ಮಾಡಿಕೊಳ್ಳುತ್ತೀಯೋ ಇಲ್ಲವೋ' ಎಂದು ಕೇಳುತ್ತಾರೆ. ಬರುವ ಕಾರಣವೂ ಈಗ ಉಳಿದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಇದನ್ನು ಯಾರೂ ಓದುವುದಿಲ್ಲ, ನಾನೇ ಹೋಗಿ ಡಬ್ಬಿಗೆ ಹಾಕುತ್ತೇನೆ.

ನಡುವೆ ನೀನು ಕೇಳಿ ಬರೆದ ಪತ್ರ ನಮಗೆ ಮುಟ್ಟಲೇ ಇಲ್ಲ. ಟಪಾಲಿನ ಯಮನಪ್ಪ ಶುಕ್ರವಾರ ಮಧ್ಯಾಹ್ನ ನಿನ್ನ ಈ ಪತ್ರ ತಂದ. ಮಾವನವರು ಚಾಳೀಸು ಮೂಗಿಗೇರಿಸಿಕೊಂಡು ಓದಲು ಸುರುಮಾಡಿದರು. ಬೈಲಹೊಂಗಲದ ಶಿಕ್ಕೆಯವರೆಗೆ ಬಂದು ನಿಂತರು. ನನ್ನ ಕಡೆ ನೋಡಿ, ಹಾಳೆ ಮುಂದೆ ಚಾಚಿ, "ಮುಂದಿಂದು ನೀನ ಓದು" ಅಂದರು.

ಇಪ್ಪತ್ತು ವರ್ಷದಲ್ಲಿ ಆ ಪಡಸಾಲೆಯಲ್ಲಿ ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ನಿಂತೇ ಓದಿದೆ. ಚಾಳು ಇಲ್ಲ ಎಂಬಲ್ಲಿಗೆ ಬಂದೆ. ಮಗಳ ಲಗ್ನಕ್ಕೆ ಬಾರದ ಅಳು ಅಲ್ಲಿ ಬಂತು, ನೋಡು. ಈ ಮನೆಯಲ್ಲಿ ಏನೇ ನಡೆದರೂ ಅಲ್ಲಿ ನನ್ನದೊಂದು ಖೋಲಿ ಇದೆ, ನನ್ನ ತಮ್ಮ ಬಾಗಿಲು ತೆಗೆದಿಟ್ಟಿದ್ದಾನೆ ಅನ್ನುವ ಧೈರ್ಯದ ಮೇಲೆ ಇಷ್ಟು ವರ್ಷ ತಲೆ ತಗ್ಗಿಸಿದ್ದೆ. ಹೋಗಲಿಕ್ಕೆ ಜಾಗವಿಲ್ಲ ಎಂದು ತಿಳಿದ ಮೇಲೆ ಇಲ್ಲೇ ನಿಲ್ಲದೆ ಏನು ಮಾಡಲಿ?

ಮಾವನವರು ಕೇಳಿದರು, "ನನಗ ತೋರಸಧಂಗ ಬರದೀ. ಖರೇ ಏನು?"

"ಖರೇರಿ," ಅಂದೆ. "ತೋರಿಸಿದ್ರ ಅದು ಟಪಾಲ ಡಬ್ಬಿ ತನಕಾ ಹೋಗತಿತ್ತೇನ್ರಿ?"

ನಾನು ಬಿಡಲಿಲ್ಲ. "ನಲವತ್ತು ವರ್ಷ ಊರ ಮಂದೀಗೆ ಧರ್ಮಾ ಹೇಳೀರಿ. ಏನಂತ ಗೊತ್ತಿಲ್ಲದ ಕೊಟ್ಟದ್ದು ಕೊಟ್ಟಂಗ ಆಗತದೋ ಇಲ್ಲೋ, ನೀವ ಹೇಳ್ರಿ. ನೀವು ಆಗತದ ಅಂದ್ರ ನಾನ ನಿಂತು ಲಗ್ನಾ ಮಾಡತೇನಿ."

ಮಾವನವರು ಎದ್ದು ಹೋದರು. ಆ ದಿನ ಊಟ ಮಾಡಲಿಲ್ಲ. ಹಳೆಯ ಗ್ರಂಥಗಳ ಗಂಟು ಬಿಚ್ಚಿಕೊಂಡು ಕುಳಿತರು. ಮರುದಿನ ಸ್ನಾನ ಮುಗಿಸಿ ಬಂದು, ಮಡಿಯಲ್ಲೇ ನಿಂತು, "ಆಗೂದಿಲ್ಲ" ಅಂದರು. ಒಂದೇ ಮಾತು. ಸವದತ್ತಿಗೆ ತಾವೇ ಬರೆದು ಹಾಕಿದರು.

ಅದಕ್ಕೆ ಬೆಲೆಯೂ ತೆತ್ತಿದ್ದೇನೆ. ಅಂದಿನಿಂದ ನನ್ನ ಸಂಗಡ ಮಾತಿಲ್ಲ. ನಾನು ಬಡಿಸಿದರೆ ಉಣ್ಣುವುದಿಲ್ಲ, ಮಗ ಬಡಿಸಬೇಕು. ಪತ್ರ ಬಂದರೂ ಮುಟ್ಟುವುದಿಲ್ಲ. ಅವರು ಹಟಕ್ಕಾಗಿ ಅಲ್ಲ, ನಿಜಕ್ಕೂ ನೊಂದಿದ್ದಾರೆ. ನನಗೂ ಸಂಕಟವಾಗುತ್ತದೆ. ಆದರೆ ಮತ್ತೊಮ್ಮೆ ಬರೆಯಬೇಕಾಗಿ ಬಂದರೆ ಹಾಗೇ ಬರೆಯುತ್ತೇನೆ.

ಒಂದು ನಗುವ ಮಾತೂ ಇದೆ. ರಾಧಾಳ ಪರೀಕ್ಷೆಯ ಫಾರ್ಮಿನ ಗತಿ ಏನು ಎಂದು ನಾನು ತಲೆ ಹಿಡಿದು ಕೂತಾಗ ನಿನ್ನ ಭಾವನವರು, "ನಾ ಡಿಸೆಂಬರದಾಗ ತುಂಬೀನಿ" ಅಂದರು! ಹೂಂ ಅನ್ನುತ್ತ ಅನ್ನುತ್ತ ಆ ಮನುಷ್ಯ ಅಷ್ಟು ಮಾಡಿದ್ದ. ಇನ್ನು ನಿನ್ನ ಲಗ್ನದ ಹೆದರಿಕೆ ಬಿಡು. "ಮಾಮಾನ್ನ ಲಗ್ನಾ ಆಗೋದಂದ್ರ ನನಗ ನಗೀ ಬರತದ" ಅನ್ನುತ್ತಾಳೆ ಹುಡುಗಿ. ಪುಸ್ತಕ ಅಟ್ಟದಿಂದ ಇಳಿದಿವೆ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಇನ್ನು ಮೇಲೆ ಮುಂಬಯಿ ಹೇಗಿದೆಯೋ ಹಾಗೇ ಬರಿ. ನಾನು ತಡೆದುಕೊಳ್ಳುತ್ತೇನೆ.

ಅಕ್ಕ

ಬೈಲಹೊಂಗಲ
ತಾ. ೨೪-೩-೧೯೫೬

ನೀಲೂ,

ಇವತ್ತು ಕೊನೆಯ ಪೇಪರು ಮುಗಿಯಿತು. ಎಂಟು ದಿನದಿಂದ ಕಮಲಾಬಾಯಿಯ ಮನೆಯಲ್ಲಿದ್ದೇವೆ. ಕಿತ್ತೂರು ಕಡೆಯ ನಾಲ್ಕು ಹುಡುಗಿಯರೂ ಬಂದಿದ್ದರು, ರಾಧಾಗೆ ಜೊತೆಯಾಯಿತು. ಗಣಿತ ಬಹಳ ಚೆನ್ನಾಗಿ ಆಗಿದೆಯಂತೆ. ಭೂಗೋಳದಲ್ಲಿ ಮುಂಬಯಿ ಬಂದರದ ಬಗ್ಗೆ ಕೇಳಿದ್ದರಂತೆ, ನಾನು ಹೇಳಿಕೊಟ್ಟದ್ದನ್ನೇ ಬರೆದಳಂತೆ. ಅದು ಎಷ್ಟು ಹಳತಾಗಿದೆಯೋ!

ನಿನಗೆ ಒಂದು ಸಂಗತಿ ಬರೆದಿರಲಿಲ್ಲ, ಪರೀಕ್ಷೆ ಮುಗಿಯುವವರೆಗೆ ರಾಧಾಗೂ ಹೇಳಬಾರದೆಂದಿದ್ದೆ. ಸವದತ್ತಿಯವರು ಮುಹೂರ್ತ ಬಿಡಲಿಲ್ಲ. ಅದೇ ಫೆಬ್ರವರಿ ಇಪ್ಪತ್ತೆರಡಕ್ಕೆ ಸಾಲಹಳ್ಳಿಯ ಹುಡುಗಿಯನ್ನು ತಂದುಕೊಂಡರು. ಅಲ್ಲಿ ಅಡಿಗೆ ಕೆಲಸ ಮಾಡುವ ವೆಂಕಣ್ಣನ ಮಗಳು, ತುಂಗಾ. ಹದಿನಾರು ವರ್ಷ. ನಾನು ನೋಡಿದ ಹುಡುಗಿ. ಶ್ರಾವಣದಲ್ಲಿ ಅಪ್ಪನ ಸಂಗಡ ನಮ್ಮ ಮನೆಗೆ ಬಂದು ಶಾವಿಗೆ ಹೊಸೆದು ಕೊಟ್ಟು ಹೋಗುತ್ತಿದ್ದಳು, ಮಾತು ಕಡಿಮೆ.

ನಿನ್ನೆ ಪೇಪರು ಇರಲಿಲ್ಲ. ಕಮಲಾಬಾಯಿ ಮಾತಿನ ಮಧ್ಯೆ ಅಂದುಬಿಟ್ಟಳು. ರಾಧಾ ಓದುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು, ಮತ್ತೆ ಪುಸ್ತಕಕ್ಕೆ ತಿರುಗಿದಳು. ಇವತ್ತು ಪೇಪರು ಮುಗಿಸಿ ಬರುವಾಗ ದಾರಿಯಲ್ಲಿ ಕೇಳಿದಳು.

"ಅವ್ವಾ, ತುಂಗಾ ಎಷ್ಟನೇ ಇಯತ್ತೆ ತನಕಾ ಓದ್ಯಾಳ?"

"ಏಳು," ಅಂದೆ.

"ಮತ್ತ ಆಕೀನ್ನ ಯಾಕ ಯಾರೂ ಬಿಡಸ್ಲಿಲ್ಲ?"

ಆಕೆಯ ಸೋದರಮಾವನನ್ನೂ ಸೀರೆ ಕೇಳಿದರೇ ಎಂದು ನಾನು ವಿಚಾರಿಸಿದೆ, ನೀಲೂ. ಆಕೆಗೆ ಸೋದರಮಾವನೇ ಇಲ್ಲ. ಯಾರನ್ನೂ ಕೇಳುವ ಪ್ರಸಂಗ ಬರಲಿಲ್ಲ, ಎರಡು ದಿನದಲ್ಲಿ ಎಲ್ಲ ಗಟ್ಟಿಯಾಯಿತು. ನಾನು ಪಡಸಾಲೆಯಲ್ಲಿ ನಿಂತು ಗೆದ್ದೆ ಅಂದುಕೊಂಡ ತಿಂಗಳಲ್ಲೇ ಸಾಲಹಳ್ಳಿಯಲ್ಲಿ ಆ ಹುಡುಗಿಗೆ ಅರಿಸಿಣ ಹಚ್ಚುತ್ತಿದ್ದರು. ನಾಳೆ ಊರಿಗೆ ಹೋಗುವ ಬಸ್ಸು ಸವದತ್ತಿಯಲ್ಲಿ ಕಾಲು ತಾ‌ಸು ನಿಲ್ಲುತ್ತದೆ. ಇಳಿದು ಆಕೆಯನ್ನು ನೋಡಿ ಬರೋಣ ಎಂದು ರಾಧಾ ಹಟ ಹಿಡಿದಿದ್ದಾಳೆ. ಯಾವ ಮುಖ ಹೊತ್ತು ಹೋಗಲಿ?

ತುಂಗಾಳ ತಾಯಿಗೂ ನನ್ನಷ್ಟೇ ಹೊಟ್ಟೆ ಉರಿದಿರಬೇಕು. ಆಕೆಗೆ ಪತ್ರ ಬರೆಯಲು ಒಬ್ಬ ತಮ್ಮ ಇರಲಿಲ್ಲ.

ನಿನ್ನ ಅಕ್ಕ,
ಸುಂದರಾ